ಜಡ್ಜ್ ಸಾಹೇಬರ ಮೀನು

ರಾಂಕೊ ಸರೋವರದ ಪೂರ್ವ ದಡದಲ್ಲಿ ಹನ್ನೆರಡು ಜನ ದೋಣಿಕಾರರಿದ್ದ ಕಾಲದಲ್ಲಿ ಹೋಟೆಲಿನ ಅತಿಥಿಗಳು ಮೊದಲು ಕೇಳುತ್ತಿದ್ದದ್ದು ಸೆಲಿಂದೊ ಕಲ್ಫುಲೆಫ್‌ನನ್ನು. ಅವನು ಹುಟ್ಟು ಹಾಕಿದರೆ ನೀರಿಗೂ ಸುಳಿವು ಸಿಗುವುದಿಲ್ಲ ಎಂದು ಉಳಿದ ದೋಣಿಕಾರರೇ ಹೇಳುತ್ತಿದ್ದರು. ಯಾವ ಹೊಳೆಯ ಬಾಯಲ್ಲಿ ಯಾವ ತಿಂಗಳು ಟ್ರೌಟ್ ಮೇಯಲು ಬರುತ್ತದೆ, ಸಾಲ್ಮನ್ ಯಾವ ಮಳೆಗೆ ಹೊಳೆ ಹತ್ತುತ್ತದೆ, ಬೆಟ್ಟದ ಕಡೆಯಿಂದ ಪುವೆಲ್ಚೆ ಗಾಳಿ ಎದ್ದರೆ ಎಷ್ಟು ಹೊತ್ತಿನೊಳಗೆ ದಡ ಸೇರಬೇಕು, ಇದೆಲ್ಲ ಅವನಿಗೆ ಯಾರೂ ಕಲಿಸಿದ್ದಲ್ಲ. ಸರೋವರದ ನಡುವಿನ ದ್ವೀಪದಲ್ಲಿ ಹುಟ್ಟಿದವನು. ನಡೆಯುವುದಕ್ಕಿಂತ ಮೊದಲು ದೋಣಿಯಲ್ಲಿ ಕೂತವನು. ಮದುವೆಯಾದ ಮೇಲೆ ಈಚೆ ದಡಕ್ಕೆ, ಹೆಂಡತಿ ಸುನಿಲ್ದಾಳ ಮನೆಗೆ ಬಂದು ನೆಲೆಸಿದ. ಮನೆಯ ಮುಂದೆ ಒಂದು ಇಳಿಜಾರು, ಅದರ ಕೆಳಗೆ ದೋಣಿ ಕಟ್ಟುವ ಪುಟ್ಟ ಕಡವು. ಕಡವಿನ ಆಚೆಗೆ ಎರ್ವಿನ್ ಎಂಬ ಜರ್ಮನ್ ಮೂಲದವನ ಹೋಟೆಲು. ಸುನಿಲ್ದಾ ಅಲ್ಲಿ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿದ್ದಳು.

ಅತಿಥಿಗಳು ಹಿಡಿಯುತ್ತಿದ್ದದ್ದು ಬಿದಿರುಕೋಲು, ಹಕ್ಕಿಗರಿಯಲ್ಲಿ ನೊಣದ ಹಾಗೆ ಕಟ್ಟಿದ ಗಾಳ. ದಡದ ಜನ ಹಿಡಿಯುತ್ತಿದ್ದದ್ದು ಹಾಲಿನಪುಡಿಯ ಖಾಲಿ ಡಬ್ಬಿ. ಡಬ್ಬಿಯ ಸುತ್ತ ನೈಲಾನ್ ದಾರ, ದಾರದ ತುದಿಗೆ ಬಡಿದು ಹದಮಾಡಿದ ತಗಡಿನ ಬಿಲ್ಲೆ, ಬಿಲ್ಲೆಗೆ ಗಾಳ. ತಲೆಯ ಮೇಲೆ ಎರಡು ಸುತ್ತು ತಿರುಗಿಸಿ ಬಿಟ್ಟರೆ ದಾರ ಡಬ್ಬಿಯಿಂದ ತಾನೇ ಬಿಚ್ಚಿಕೊಂಡು ಹಾರಿ ಹೋಗುತ್ತದೆ. ಎರ್ವಿನ್‌ಗೆ ಡಬ್ಬಿ ಕಂಡರೆ ಆಗುತ್ತಿರಲಿಲ್ಲ. ಅತಿಥಿಯನ್ನು ಕರೆದುಕೊಂಡು ಹೋದ ದೋಣಿಯಲ್ಲಿ ದೋಣಿಕಾರ ತನ್ನ ದಾರ ಬಿಟ್ಟದ್ದು ಗೊತ್ತಾದರೆ ಮಾರನೆಯ ದಿನ ಅವನಿಗೆ ಕೆಲಸವಿಲ್ಲ.

ಅರವತ್ತಾರನೇ ಇಸವಿಯ ಫೆಬ್ರವರಿಯಲ್ಲಿ, ಆ ಸೀಮೆಯ ನಡುಬೇಸಿಗೆಯಲ್ಲಿ, ಸೆಲಿಂದೊಗೆ ಸಿಕ್ಕ ಅತಿಥಿ ರಾಜಧಾನಿ ಸಾಂತಿಯಾಗೊದ ಒಬ್ಬ ನ್ಯಾಯಾಧೀಶ. ಐವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ಒಂಬತ್ತು ಬೇಸಿಗೆ ಬಂದಿದ್ದ, ಒಂದು ದೊಡ್ಡ ಮೀನೂ ಸಿಕ್ಕಿರಲಿಲ್ಲ. ಆ ದಿನ ಬೆಳಿಗ್ಗೆಯೆಲ್ಲ ಗರಿ ಎಸೆದೆಸೆದು ತೋಳು ಸೋತು, ಮಧ್ಯಾಹ್ನ ಒಂದು ಹೊಳೆಯ ಬಾಯಲ್ಲಿ ದಡಕ್ಕೆ ಇಳಿದು, ತಣ್ಣನೆಯ ಮಾಂಸ ತಿಂದು, ಒಂದು ಬಾಟಲಿ ವೈನ್ ಮುಗಿಸಿ, ಮರದ ನೆರಳಲ್ಲಿ ಟೋಪಿಯನ್ನು ಮುಖದ ಮೇಲೆ ಹಾಕಿಕೊಂಡು ಮಲಗಿಬಿಟ್ಟ.

ಸೆಲಿಂದೊ ಸ್ವಲ್ಪ ಹೊತ್ತು ದೋಣಿಯ ಅಂಚಲ್ಲಿ ಕೂತಿದ್ದ. ಹೊಳೆಯ ನೀರು ಸರೋವರಕ್ಕೆ ಸೇರುವ ಕಡೆ ಮೀನುಮರಿಗಳು ಚದುರಿ ಓಡುವುದು ಕಾಣಿಸುತ್ತಿತ್ತು. ಕೆಳಗೆ ದೊಡ್ಡದೊಂದು ಇದೆ ಎಂದು ಅವನಿಗೆ ತಿಳಿಯಿತು. ತಿಳಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಹಲಗೆಯ ಕೆಳಗೆ ಬಚ್ಚಿಟ್ಟಿದ್ದ ಡಬ್ಬಿ ತೆಗೆದು, ಸದ್ದಿಲ್ಲದೆ ದೋಣಿ ತಳ್ಳಿದ. ಎರಡು ಕೈಯಲ್ಲಿ ಹುಟ್ಟು. ದಾರವನ್ನು ಬಲಗಾಲಿನ ಹೆಬ್ಬೆರಳಿಗೆ ಒಂದು ಸುತ್ತು ಸುತ್ತಿಕೊಂಡಿದ್ದ. ಒಂಟಿಯಾಗಿ ಮೀನು ಹಿಡಿಯುವ ದ್ವೀಪದವರೆಲ್ಲ ಹಾಗೆಯೇ ಮಾಡುವುದು.

ಮೀನು ಕಚ್ಚಿದಾಗ ದಾರ ಬೆರಳನ್ನು ಮೂಳೆಯವರೆಗೆ ಕೊಯ್ದಿತು. ಹುಟ್ಟು ಒಳಗೆಸೆದು ದಾರ ಕೈಗೆ ತೆಗೆದುಕೊಂಡ. ಮುಂದಿನ ಒಂದು ಗಂಟೆ ದೋಣಿಯನ್ನು ನಡೆಸಿದ್ದು ಮೀನೇ. ಎಳೆದರೆ ದಾರ ಹರಿಯುತ್ತದೆ, ಬಿಟ್ಟರೆ ಕಲ್ಲಿನ ಸಂದಿಗೆ ಹೋಗುತ್ತದೆ. ಅಂಗೈ ಸುಲಿಯಿತು, ದೋಣಿಯ ತಳದ ನೀರು ಕೆಂಪಾಯಿತು. ಕಡೆಗೆ ಮೀನನ್ನು ದಡದ ತೆಳುನೀರಿಗೆ ತಂದು, ತಾನೂ ನೀರಿಗೆ ಹಾರಿ, ಕಿವಿರಿನೊಳಗೆ ಬೆರಳು ತೂರಿಸಿ, ಮಗುವನ್ನು ಎತ್ತುವಂತೆ ಎದೆಗೆ ಅವುಚಿಕೊಂಡು ಮೇಲೆ ಬಂದ. ಕಂದು ಟ್ರೌಟ್, ಮುದಿ ಗಂಡು, ಕೆಳದವಡೆ ಕೊಕ್ಕೆಯಂತೆ ಮೇಲಕ್ಕೆ ಬಾಗಿತ್ತು. ಅಂಥದ್ದನ್ನು ಅವನೂ ಕಂಡಿರಲಿಲ್ಲ, ಅವನಪ್ಪನೂ ಕಂಡಿರಲಿಲ್ಲ.

ತಲೆಯೆತ್ತಿದರೆ ನ್ಯಾಯಾಧೀಶ ಎದ್ದು ನಿಂತು ನೋಡುತ್ತಿದ್ದ.

ಸೆಲಿಂದೊಗೆ ಮೊದಲು ಆದದ್ದು ಭಯ. ಡಬ್ಬಿ ಕಣ್ಣೆದುರಿಗೇ ಬಿದ್ದಿತ್ತು. ಆದರೆ ನ್ಯಾಯಾಧೀಶ ಡಬ್ಬಿಯನ್ನು ನೋಡಲೇ ಇಲ್ಲ. ಮೀನಿನ ಪಕ್ಕ ಮಂಡಿಯೂರಿ ಕೂತು ಅದರ ಬೆನ್ನನ್ನು ಸವರಿದ. ಬಹಳ ಹೊತ್ತು ಸವರಿದ. ಆಮೇಲೆ ಎದ್ದು, ಒದ್ದೆ ಕೈಯನ್ನು ಸೆಲಿಂದೊನ ಹೆಗಲ ಮೇಲಿಟ್ಟ.

“ನಿನಗೆ ಇಂಥದ್ದು ಮುಂದಿನ ವರ್ಷ ಇನ್ನೊಂದು ಸಿಗುತ್ತೆ,” ಅಂದ. “ನನಗೆ ಸಿಗಲ್ಲ. ಇದನ್ನ ನನಗೆ ಕೊಡು.”

“ಮೀನು ನಿಮ್ದೇ ಸ್ವಾಮಿ. ದೋಣಿ ನಿಮ್ಮ ಬಾಡಿಗೇದು.”

“ಮೀನಲ್ಲ. ಹಿಡಿದದ್ದು ನಾನು ಅಂತ ಆಗಬೇಕು.”

ಬದಲಿಗೆ ಏನು ಬೇಕೆಂದು ಅವನೇ ಕೇಳಿದ. ಸೆಲಿಂದೊ ಯೋಚಿಸದೆ ಕಡವಿನ ವಿಷಯ ಹೇಳಿದ. ಎರ್ವಿನ್ ಬೇಲಿಯನ್ನು ವರ್ಷಕ್ಕಿಷ್ಟು ಸರಿಸುತ್ತ ಬಂದು ಈಗ ಕಡವಿನ ಬುಡಕ್ಕೆ ತಂದು ನಿಲ್ಲಿಸಿದ್ದ. ಕಡವು ಹೋದರೆ ದೋಣಿ ಇಲ್ಲ, ದೋಣಿ ಇಲ್ಲದಿದ್ದರೆ ತಾನಿಲ್ಲ. ಎರ್ವಿನ್‌ಗೆ ತಾನು ಹೇಳುತ್ತೇನೆ, ಕಾಗದ ಮಾಡಿಸುತ್ತೇನೆ ಎಂದು ನ್ಯಾಯಾಧೀಶ ಮಾತು ಕೊಟ್ಟ. ಸೆಲಿಂದೊ ಒಪ್ಪಿದ್ದು ಕಡವಿಗೆ ಅಷ್ಟೇ ಅಲ್ಲ. ಅಂಥ ದೊಡ್ಡ ಮನುಷ್ಯ ತನ್ನ ಮುಂದೆ ಕೈಯೊಡ್ಡಿದ್ದ. ಆ ಹೆಗಲ ಮೇಲಿನ ಕೈಯ ಭಾರ ಅವನಿಗೆ ಹಿತವಾಗಿತ್ತು. ಇದನ್ನು ಅವನು ಮುಂದೆ ಯಾರಿಗೂ ಹೇಳಲಿಲ್ಲ.

ಹೋಟೆಲಿನಲ್ಲಿ ಮೀನನ್ನು ತೂಗಿದರು. ಹನ್ನೊಂದು ಕಿಲೊ ನಾನೂರು ಗ್ರಾಂ. ಫೋಟೊ ತೆಗೆದರು. ಅಡುಗೆಮನೆಯ ಕಲ್ಲಿನ ಮೇಲೆ ಮಲಗಿಸಿದಾಗ ಸುನಿಲ್ದಾ ಅದರ ಬಾಯೊಳಗೆ ನೋಡಿದಳು. ದವಡೆಗೆ ಸಿಕ್ಕಿಕೊಂಡಿದ್ದ ಬಿಲ್ಲೆ ತಾಮ್ರದ್ದು, ಅವಳು ಹಣ್ಣಿನ ಪಾಕ ಕಾಯಿಸುತ್ತಿದ್ದ ಬಾಣಲೆಯ ತೂತುಬಿದ್ದ ತಳದಿಂದ ಗಂಡ ಕತ್ತರಿಸಿ ತೆಗೆದದ್ದು. ಅವಳು ನೋಡುತ್ತಿದ್ದ ಹಾಗೆಯೇ ಎರ್ವಿನ್ ಬಂದು ಇಕ್ಕುಳದಿಂದ ಬಿಲ್ಲೆಯನ್ನು ಕಿತ್ತು ಒಲೆಯ ಬೂದಿಗೆ ಹಾಕಿದ. ಆ ಜಾಗಕ್ಕೆ ಕೆಂಪು ಗರಿಯ ಒಂದು ನೊಣ ಸಿಕ್ಕಿಸಿದ.

ಆ ಸಂಜೆ ಮನೆಯಲ್ಲಿ ಅವಳು ಗಂಡನ ಬೆರಳಿಗೆ ಬಟ್ಟೆ ಕಟ್ಟುತ್ತ ಎಲ್ಲವನ್ನೂ ಬಿಡಿಸಿ ಕೇಳಿದಳು. ಆರು ವರ್ಷದ ಮಗಳು ನೋಲ್ಫಾ ಒಲೆಯ ಪಕ್ಕ ಹುರಿಹಿಟ್ಟು ತಿನ್ನುತ್ತ ಕೂತಿದ್ದಳು.

“ಮೀನು ಹೋದ್ರೆ ಹೋಯ್ತು, ಹೆಸರ್ಯಾಕೆ ಕೊಟ್ಟೆ?” ಅಂದಳು ಸುನಿಲ್ದಾ.

“ಕಡವು ಉಳಿಯುತ್ತಲ್ಲ.”

“ಕಡವು ನಮ್ಮಜ್ಜನ ಕಾಲದಿಂದ ನಮ್ದೇ. ನಮ್ದನ್ನ ನಾವೇ ಕೊಂಡ್ಕೊಂಡಂಗಾಯ್ತು. ಇದರಲ್ಲಿ ನಿನ್ನ ಜಾಣತನ ಏನು ಬಂತು?”

ಮುಂದಿನ ವರ್ಷ ಕಾಗದವೇನೋ ಬಂತು. ಮುದ್ರೆಯಿತ್ತು, ಎರ್ವಿನ್‌ನ ಸಹಿಯಿತ್ತು. ಸೆಲಿಂದೊಗೆ ತನ್ನ ಹೆಸರು ಓದಲು ಬರುತ್ತಿತ್ತು, ಅದು ಎರಡು ಕಡೆ ಇತ್ತು. ಅಷ್ಟು ನೋಡಿ ಸಮಾಧಾನಪಟ್ಟು, ತೋರಿಸಿದ ಕಡೆ ಹೆಬ್ಬೆಟ್ಟು ಒತ್ತಿ, ಮಾತೆ ಮರಿಯಮ್ಮನ ಪಟದ ಹಿಂದೆ ಸಿಕ್ಕಿಸಿಟ್ಟ. ಮೀನು ತೊಗಲಿನೊಳಗೆ ಹೊಟ್ಟು ತುಂಬಿಸಿಕೊಂಡು ಬಂದು ಊಟದ ಕೋಣೆಯ ಗೋಡೆ ಏರಿತು. ಕೆಳಗೆ ಹಿತ್ತಾಳೆಯ ಫಲಕ, ಅದರಲ್ಲಿ ನ್ಯಾಯಾಧೀಶನ ಹೆಸರು. ನ್ಯಾಯಾಧೀಶ ಇನ್ನೂ ಐದು ಬೇಸಿಗೆ ಬಂದ. ಪ್ರತಿ ಸಲವೂ ಬೇರೆ ದೋಣಿಕಾರನನ್ನು ಕೇಳಿದ. ಕಡವಿನಲ್ಲಿ ಎದುರಾದರೆ ಟೋಪಿ ಮುಟ್ಟಿ ಹವೆಯ ಬಗ್ಗೆ ಒಂದು ಮಾತಾಡಿ ಮುಂದೆ ಹೋಗುತ್ತಿದ್ದ. ಸೆಲಿಂದೊ ಅದನ್ನು ಅರ್ಥಮಾಡಿಕೊಂಡ. ಆದರೂ ಮನಸ್ಸಿನಲ್ಲಿ ಒಂದು ಮುಳ್ಳು ಮುರಿದು ಉಳಿಯಿತು. ದೊಡ್ಡ ಮೀನು ಅವನಿಗೆ ಮತ್ತೆ ಸಿಗಲೇ ಇಲ್ಲ.

ಎಪ್ಪತ್ತೇಳರಲ್ಲಿ ನೋಲ್ಫಾ ಅದೇ ಹೋಟೆಲಿನಲ್ಲಿ ಬಡಿಸುವ ಕೆಲಸಕ್ಕೆ ಸೇರಿದಳು. ತಾಯಿಯ ಹಾಗೆ ಗಟ್ಟಿ ಹುಡುಗಿ, ಮಾತು ಮಾತ್ರ ತಾಯಿಗಿಂತ ಮೃದು. ಅತಿಥಿಗಳು ಗೋಡೆಯ ಮೀನನ್ನು ತೋರಿಸಿ ಕೇಳಿದಾಗ ಅದರ ಕತೆ ಹೇಳುವುದು ಅವಳ ಕೆಲಸದಲ್ಲಿ ಸೇರಿತ್ತು. ಒಂದು ಮಧ್ಯಾಹ್ನ ಸೆಲಿಂದೊ ಅತಿಥಿಗಳ ಬುತ್ತಿಗಾಗಿ ಹೊರಗೆ ಕಿಟಕಿಯ ಕೆಳಗೆ ಕಾಯುತ್ತಿದ್ದಾಗ ಒಳಗಿನಿಂದ ಅವಳ ದನಿ ಕೇಳಿಸಿತು. ಚೆನ್ನಾಗಿಯೇ ಹೇಳುತ್ತಿದ್ದಳು. ಜಡ್ಜ್ ಸಾಹೇಬರು ಎರಡು ಗಂಟೆ ಸೆಣಸಿದರಂತೆ. ದೋಣಿ ಮಗುಚುವ ಹಾಗಾದಾಗ ದೋಣಿಕಾರ ಹುಟ್ಟು ಬಿಟ್ಟು ಕಣ್ಣು ಮುಚ್ಚಿ ಜಪ ಮಾಡಲು ಕೂತನಂತೆ. ಸಾಹೇಬರು ಅವನನ್ನು ಗದರಿ ಎಬ್ಬಿಸಬೇಕಾಯಿತಂತೆ. ಮೇಜಿನ ಸುತ್ತ ಎಲ್ಲರೂ ನಕ್ಕರು.

ಜಪದ ಮಾತು ಎರ್ವಿನ್ ಸೇರಿಸಿದ್ದು, ಇವಳು ಕಲಿತು ಒಪ್ಪಿಸುತ್ತಿದ್ದಾಳೆ ಎಂದು ಸೆಲಿಂದೊಗೆ ಗೊತ್ತಾಯಿತು. ಬುತ್ತಿ ತೆಗೆದುಕೊಂಡು ಹೋದ. ಸಂಜೆ ಮನೆಯಲ್ಲಿ ಆ ವಿಷಯ ಎತ್ತಲಿಲ್ಲ. ಎತ್ತಿದ್ದರೆ ಸುನಿಲ್ದಾ ಏನು ಹೇಳುತ್ತಿದ್ದಳು ಎಂಬುದು ಅವನಿಗೆ ಗೊತ್ತಿತ್ತು. ಎಂಬತ್ತಮೂರರ ಚಳಿಗಾಲದಲ್ಲಿ ಅವಳು ಎದೆಯ ಕಾಯಿಲೆಯಿಂದ ತೀರಿಕೊಂಡಳು. ಅಷ್ಟರಲ್ಲಿ ನೋಲ್ಫಾಳಿಗೆ ಮದುವೆಯಾಗಿ ಎರಡು ಹೆಣ್ಣುಮಕ್ಕಳಾಗಿದ್ದವು. ಗಂಡ ಸಮುದ್ರದ ಕಡೆ ಸಾಲ್ಮನ್ ಸಾಕಣೆಯ ಕೆಲಸಕ್ಕೆಂದು ಹೋದವನು ಅಲ್ಲೇ ಇನ್ನೊಂದು ಮನೆ ಮಾಡಿದ.

ತೊಂಬತ್ತನಾಲ್ಕರಲ್ಲಿ ಮುದುಕ ಎರ್ವಿನ್ ಸತ್ತ. ಹೋಟೆಲನ್ನು ಕೊಂಡವನು ನ್ಯಾಯಾಧೀಶನ ಮಗ ಗಾಸ್ಪರ್. ನಗುಮುಖದವನು, ಎಲ್ಲರನ್ನೂ ಹೆಸರು ಹಿಡಿದು ಕರೆಯುವವನು. ಅಪ್ಪನ ಮೀನು ಇರುವ ಹೋಟೆಲು ಎಂದೇ ಕೊಂಡೆ ಅನ್ನುತ್ತಿದ್ದ. ಮೋಟಾರಿನ ಆರು ಬಿಳಿ ದೋಣಿ ತರಿಸಿದ. ಹುಟ್ಟಿನ ದೋಣಿಗಳು ಕಣ್ಣಿಗೆ ಅಡ್ಡವೆನಿಸಿದವೋ ಏನೋ, ಮರುವರ್ಷ ಜನವರಿಯಲ್ಲಿ ಕಡವಿಗೆ ಕಬ್ಬಿಣದ ಗೇಟು ಬಂತು, ಗೇಟಿಗೆ ಬೀಗ ಬಂತು. ಸೆಲಿಂದೊನ ದೋಣಿ ಒಳಗೇ ಉಳಿಯಿತು.

ಅವನು ಪಟದ ಹಿಂದಿನ ಕಾಗದ ತೆಗೆದುಕೊಂಡು ಹೋದ. ಗಾಸ್ಪರ್‌ನ ವಕೀಲ ಕನ್ನಡಕ ಏರಿಸಿ ಓದಿ, ಕಡೆಯ ಸಾಲನ್ನು ಎರಡು ಸಲ ಗಟ್ಟಿಯಾಗಿ ಓದಿ ಹೇಳಿದ. ಕಡವನ್ನು ಬಳಸುವ ಅನುಮತಿ ಜಮೀನಿನ ಒಡೆಯನಿಗೆ ಇಷ್ಟವಿರುವಷ್ಟು ಕಾಲ ಮಾತ್ರ ಎಂದು ಅದರಲ್ಲಿತ್ತು. ಒಡೆಯ ಎಂದರೆ ಈಗ ಗಾಸ್ಪರ್. ಸುನಿಲ್ದಾಳ ಅಜ್ಜನ ಕಡವು ಹೋಟೆಲಿನದು ಎಂದು ಆ ಕಾಗದದಲ್ಲಿ ಬರೆದಿತ್ತು. ಅದಕ್ಕೆ ಇಪ್ಪತ್ತೆಂಟು ವರ್ಷದ ಹಿಂದೆ ಹೆಬ್ಬೆಟ್ಟು ಒತ್ತಿದವನು ಸೆಲಿಂದೊನೇ.

ಮಾರನೆಯ ದಿನ ಊಟದ ಹೊತ್ತಿಗೆ ಅವನು ಹೋಟೆಲಿನ ಮುಂಬಾಗಿಲಿನಿಂದ ಒಳಗೆ ಹೋದ. ದೋಣಿಕಾರರು ಆ ಬಾಗಿಲಿನಿಂದ ಹೋಗುವ ಪದ್ಧತಿಯೇ ಇರಲಿಲ್ಲ. ತಲೆ ಬಾಚಿ, ಸಾವಿನ ಮನೆಗೆ ಹಾಕುವ ಕಪ್ಪು ಕೋಟು ಹಾಕಿದ್ದ. ಗಾಸ್ಪರ್ ಅತಿಥಿಗಳ ಜೊತೆ ನಡುವಿನ ಮೇಜಿಗೆ ಕೂತಿದ್ದ. ಎದ್ದು ಕುರ್ಚಿ ತೋರಿಸಿದ. ಸೆಲಿಂದೊ ಕೂರಲಿಲ್ಲ. ಗೋಡೆಯ ಮೀನಿನ ಕಡೆ ಕೈ ಮಾಡಿ, ಅದನ್ನು ಹಿಡಿದದ್ದು ತಾನು, ನಿಮ್ಮ ತಂದೆ ಆಗ ನಿದ್ದೆಯಲ್ಲಿದ್ದರು, ಅದನ್ನು ಅವರಿಗೆ ಕೊಟ್ಟದ್ದು ಕಡವಿಗಾಗಿ, ಮಾತು ಮುರಿದರೆ ಮೀನು ತನ್ನದು ಎಂದು ಒಂದೇ ಉಸಿರಿಗೆ ಹೇಳಿದ. ಯಾರೋ ಒಬ್ಬರು ನಕ್ಕರು.

ನಗು ಕೇಳಿ ಅವನು ಬಗ್ಗಿ ಬಲಗಾಲಿನ ಬೂಟಿನ ದಾರ ಬಿಚ್ಚಲು ಶುರುಮಾಡಿದ. ಬೆರಳಿನ ಗಾಯದ ಗುರುತು ತೋರಿಸಬೇಕೆಂದಿತ್ತು. ಗಂಟು ಬಿಗಿಯಾಗಿತ್ತು. ಒಂದು ಮೇಜಿನವರು ಮುಖ ಆಚೆ ತಿರುಗಿಸಿದರು.

ಗಾಸ್ಪರ್‌ಗೆ ಸಿಟ್ಟು ಬಂದಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ತಟ್ಟೆ ಹಿಡಿದು ನಿಂತಿದ್ದ ನೋಲ್ಫಾಳ ಕಡೆ ತಿರುಗಿ ಮೆತ್ತಗೆ ಕೇಳಿದ: “ನೋಲ್ಫಾ, ನೀನೇ ಹೇಳು. ನಿಮ್ಮಪ್ಪ ಹೇಳ್ತಿರೋದು ನಿಜವಾ?”

ಅವಳು ತಟ್ಟೆಯನ್ನು ಮೊದಲು ಮೇಜಿನ ಮೇಲಿಟ್ಟಳು. ಒರಸುವ ಬಟ್ಟೆಯಲ್ಲಿ ಕೈ ಒರಸಿಕೊಂಡಳು.

“ಅಪ್ಪಂಗೆ ವಯಸ್ಸಾಯ್ತು ಸಾರ್,” ಅಂದಳು. “ಅಲ್ಲಿದ್ದು ಇಲ್ಲಿ, ಇಲ್ಲಿದ್ದು ಅಲ್ಲಿ ಸೇರಿಸ್ಬಿಡ್ತಾರೆ. ಮನಸ್ಸಿಗೆ ಹಾಕ್ಕೋಬೇಡಿ.”

ಆಮೇಲೆ ಬಂದು ಅಪ್ಪನ ಮುಂದೆ ಮಂಡಿಯೂರಿ, ಅವನಿಂದ ಬಿಚ್ಚಲಾಗದ ಗಂಟನ್ನು ಇನ್ನಷ್ಟು ಬಿಗಿಮಾಡಿ ಕಟ್ಟಿದಳು. “ಬಾರಪ್ಪ, ಮನೆಗೆ ನಡಿ” ಎಂದು ಅವನಿಗಷ್ಟೇ ಕೇಳುವಂತೆ ಹೇಳಿದಳು. ಸೆಲಿಂದೊ ಅವಳ ತಲೆಯ ಬೈತಲೆಯನ್ನೇ ನೋಡುತ್ತ ನಿಂತಿದ್ದ. ಆಗ ಅವನಿಗೆ ಅರವತ್ತು ಇನ್ನೂ ತುಂಬಿರಲಿಲ್ಲ, ಮರೆವು ಎಂಬುದು ಹತ್ತಿರ ಸುಳಿದಿರಲಿಲ್ಲ. ಆ ದಿನದಿಂದ ಊರಿನವರು ಅವನ ಜೊತೆ ಸ್ವಲ್ಪ ಗಟ್ಟಿಯಾಗಿ, ಬಿಡಿಸಿ ಬಿಡಿಸಿ ಮಾತಾಡತೊಡಗಿದರು, ಕಿವುಡನ ಜೊತೆ ಆಡುವ ಹಾಗೆ.

ಗಾಸ್ಪರ್ ದೊಡ್ಡ ಮನಸ್ಸು ಮಾಡಿ, ದೋಣಿ ಒಯ್ಯಲು ಒಂದು ದಿನ ಗೇಟು ತೆರೆಸಿದ. ಪಕ್ಕದ ಮನೆಯ ಎತ್ತಿನ ಗಾಡಿಯಲ್ಲಿ ದೋಣಿಯನ್ನು ಊರ ಸಾರ್ವಜನಿಕ ಕಟ್ಟೆಗೆ ಒಯ್ದರು. ಅದು ಎರಡು ಗಂಟೆಯ ನಡಿಗೆ. ಹೋಗಿಬಂದು ಮಾಡುವಷ್ಟರಲ್ಲಿ ಬೆಳಗಿನ ಮೀನು ಮುಗಿದಿರುತ್ತಿತ್ತು, ಗಾಳಿ ಎದ್ದಿರುತ್ತಿತ್ತು. ಒಂದು ಬೇಸಿಗೆ ಬಿಸಿಲಿಗೆ ಹಲಗೆಗಳು ಒಣಗಿ ಸಂದಿ ಬಿಟ್ಟವು. ಬೇಸಿಗೆ ಮನೆ ಕಟ್ಟಿಸಿಕೊಂಡಿದ್ದ ಪಟ್ಟಣದ ಹೆಂಗಸೊಬ್ಬಳು ದೋಣಿಯನ್ನು ಕೇಳಿ ತೆಗೆದುಕೊಂಡು, ಮಣ್ಣು ತುಂಬಿಸಿ, ಹೂವಿನ ಗಿಡ ಹಾಕಿದಳು. ಸೆಲಿಂದೊ ಡಬ್ಬಿ ಹಿಡಿದು ಹೊಳೆಬಾಯಿಯ ಕಲ್ಲುಗಳ ಮೇಲೆ ನಿಂತು ದಡದಿಂದಲೇ ಮೀನು ಹಿಡಿಯಲು ಶುರುಮಾಡಿದ. ಸಿಕ್ಕರೆ ಒಂದು, ಇಲ್ಲದಿದ್ದರೆ ಇಲ್ಲ.

ನೋಲ್ಫಾ ಭಾನುವಾರಕ್ಕೊಮ್ಮೆ ಬೂದಿಯಲ್ಲಿ ಸುಟ್ಟ ರೊಟ್ಟಿ ತರುತ್ತಿದ್ದಳು. ಅವನು ರೊಟ್ಟಿ ತೆಗೆದುಕೊಳ್ಳುತ್ತಿದ್ದ, ಮಾತಾಡುತ್ತಿರಲಿಲ್ಲ. ಅವಳು ಒಲೆ ಹಚ್ಚಿ, ಮನೆ ಗುಡಿಸಿ, ಬಟ್ಟೆ ಒಗೆದು ಹೋಗುತ್ತಿದ್ದಳು. ಎಂಟು ತಿಂಗಳು ಹೀಗೆ ನಡೆಯಿತು. ಸೆಪ್ಟೆಂಬರಿನ ಒಂದು ಭಾನುವಾರ ಅವಳು ಪೊರಕೆಯನ್ನು ಗೋಡೆಗೆ ಒರಗಿಸಿ ಅವನೆದುರು ಕೂತಳು.

“ನನ್ನ ಮುಖ ನೋಡ್ದೆ ಎಷ್ಟು ದಿನ ಇರ್ತೀಯ?” ಅಂದಳು. “ಸುಳ್ಳು ಹೇಳಿದ್ದು ನಾನೊಬ್ಬಳೇನಾ? ಮಾರಿದ್ದು ನೀನಪ್ಪ. ನೀನು ಮಾರಿದ್ದಕ್ಕೆ ಕಾವಲು ಕೂತೋಳು ನಾನು. ಹದಿನೆಂಟು ವರ್ಷ ದಿನಾ ಆ ಕತೆ ಹೇಳ್ದೆ. ನಿನ್ನ ಹೇಡಿ ಮಾಡಿ ಹೇಳ್ದೆ. ಕಿಟಕಿ ಕೆಳಗೆ ನೀನು ನಿಂತಿದ್ದು ನಂಗೆ ಕಾಣ್ಸಿತ್ತು. ಇವತ್ತು ಮನೇಲಿ ಬೈತಾನೆ, ಬೈದ್ರೆ ಕೆಲಸ ಬಿಟ್ಬಿಡೋಣ ಅಂತ ಕಾದೆ. ನೀನು ಬೈಲಿಲ್ಲ. ಸೂಪಿಗೆ ಉಪ್ಪು ಕಡಿಮೆ ಅಂದೆ.”

ಸೆಲಿಂದೊ ಕಿಟಕಿಯ ಕಡೆ ನೋಡುತ್ತಿದ್ದ.

“ಅಮ್ಮ ಇದ್ದಿದ್ರೆ ಆ ದಿನ ಎಲ್ರ ಮುಂದೆ ನಿಜ ಹೇಳ್ತಿದ್ಳು,” ಅಂದಳು. “ನಂಗೆ ಎರಡು ಮಕ್ಕಳಿದ್ವು.”

ಅವಳು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅದಕ್ಕೇ ಅವನಿಗೆ ಅವಳ ಮೇಲೆ ಇನ್ನಷ್ಟು ಸಿಟ್ಟು ಬಂತು. ಮುಂದಿನ ಭಾನುವಾರದಿಂದ ಮಾತಾಡಿದ. ಆಡಿದ್ದು ಕಟ್ಟಿಗೆ, ಗಾಳಿ, ಮೊಮ್ಮಕ್ಕಳ ಕೆಮ್ಮು, ಇಷ್ಟೇ. ಅವಳು ಅಷ್ಟಕ್ಕೇ ತೃಪ್ತಳಾದ ಹಾಗೆ ಇದ್ದಳು.

ಮೂರು ವರ್ಷದ ಮೇಲೆ, ನವೆಂಬರಿನಲ್ಲಿ ಮೀನಿನ ಕಾಲ ಶುರುವಾಗುವಾಗ ಪ್ರತಿ ವರ್ಷ ಬರುತ್ತಿದ್ದ ಕೆಲಸದ ಕರೆ ಹೋಟೆಲಿನಿಂದ ನೋಲ್ಫಾಳಿಗೆ ಬರಲಿಲ್ಲ. ಕೇಳಲು ಹೋದಾಗ ಗಾಸ್ಪರ್ ಪ್ರೀತಿಯಿಂದಲೇ ಮಾತಾಡಿಸಿದ. ಈಗ ಬರುವವರೆಲ್ಲ ಹೊರದೇಶದವರು, ಇಂಗ್ಲಿಷ್ ಬಲ್ಲ ಹುಡುಗಿಯೊಬ್ಬಳು ವಾಲ್ದಿವಿಯಾ ಪಟ್ಟಣದಿಂದ ಬಂದಿದ್ದಾಳೆ, ನೀನು ಇಷ್ಟು ವರ್ಷ ದುಡಿದಿದ್ದೀಯ, ವಿಶ್ರಾಂತಿ ತಗೊ ಎಂದ. ಮೀನಿನ ಕತೆಯನ್ನು ಆ ಹುಡುಗಿಗೆ ಒಂದು ಸಲ ಹೇಳಿಕೊಟ್ಟು ಹೋಗು ಎಂದೂ ಕೇಳಿದ. ಅವಳು ಹೇಳಿಕೊಟ್ಟು ಬಂದಳು.

ಇದನ್ನೆಲ್ಲ ಅಪ್ಪನಿಗೆ ಹೇಳಿದ್ದು ಒಲೆಯ ಮುಂದೆ ಕೂತು, ಮುಖ ತಗ್ಗಿಸಿ. ಅವನು ಕೇಳಿಸಿಕೊಂಡ. ಅವನೊಳಗೆ ಒಂದು ಕ್ಷಣ ಸಂತೋಷ ಎದ್ದದ್ದು ನಿಜ. ಅದು ಇಳಿದ ಮೇಲೆ ಬಾಯಿ ಕಹಿಯಾಯಿತು.

“ನಾಳೆ ಬೆಳಿಗ್ಗೆ ಬಾ,” ಅಂದ. “ಗಾಳಿ ಏಳೋಕ್ ಮುಂಚೆ.”

ಹೊಳೆಬಾಯಲ್ಲಿ ಅವಳ ಕೈಗೆ ಒಂದು ಡಬ್ಬಿ ಕೊಟ್ಟ. ಮೂವತ್ತು ವರ್ಷದಿಂದ ಅವಳು ದಾರ ಮುಟ್ಟಿರಲಿಲ್ಲ. ತಿರುಗಿಸಿ ಬಿಟ್ಟ ಬಿಲ್ಲೆ ಪಕ್ಕಕ್ಕೆ ಹಾರಿ ಕಲ್ಲಿಗೆ ಬಡಿಯಿತು. ಎರಡನೆಯ ಸಲ ಕಾಲ ಬುಡದಲ್ಲೇ ಬಿತ್ತು. ಬೆರಳಿನಿಂದ ದಾರವನ್ನು ತಡವಾಗಿ ಬಿಡುತ್ತಿದ್ದಾಳೆ ಎಂಬುದು ಅವನಿಗೆ ಮೊದಲ ಎಸೆತದಲ್ಲೇ ಕಂಡಿತ್ತು. ಹೇಳಲಿಲ್ಲ. ಇಪ್ಪತ್ತು ಹೆಜ್ಜೆ ಆಚೆಗೆ ಹೋಗಿ ತನ್ನ ದಾರ ಬಿಟ್ಟ. ಅವಳು ತಾನೇ ಕಲಿಯಲು ವಾರ ಹಿಡಿಯಿತು. ಆ ಬೇಸಿಗೆಯಿಂದ ಇಬ್ಬರೂ ಹಿಡಿದದ್ದನ್ನು ಹೊಗೆಗೆ ಹಾಕಿ, ರಸ್ತೆ ಬದಿಯಲ್ಲಿ ಹಲಗೆಯ ಮೇಲಿಟ್ಟು ಮಾರಿದರು. ಹಾಗೆ ಮಾರುವುದು ನಿಷಿದ್ಧ, ಮೀನು ಇಲಾಖೆಯ ಕಾವಲುಗಾರರು ಬಂದಾಗ ಹಲಗೆಗೆ ಕಂಬಳಿ ಮುಚ್ಚಿದರು.

ಹೀಗೆ ಆರು ಚಳಿಗಾಲ ಕಳೆದವು. ಕಡೆಯದರಲ್ಲಿ ಸೆಲಿಂದೊ ಹಾಸಿಗೆ ಹಿಡಿದ. ಒಂದು ಮಧ್ಯಾಹ್ನ, ಹೊರಗೆ ಮಳೆ ಸುರಿಯುತ್ತಿದ್ದಾಗ, ಅವನು ಎದ್ದು ದಿಂಬಿಗೆ ಒರಗಿ, “ಆ ದಿನ ಕಿಟಕಿ ಕೆಳಗೆ, ನಾನು…” ಎಂದು ಶುರುಮಾಡಿದ. ನೋಲ್ಫಾ ತಟ್ಟನೆ ಎದ್ದಳು. “ಬೇಡಪ್ಪ. ಒಲೆ ಆರ್ತಾ ಇದೆ,” ಎಂದು ಕಟ್ಟಿಗೆ ತರಲು ಹೊರಗೆ ಹೋದಳು. ಕಟ್ಟಿಗೆ ಒದ್ದೆಯಾಗಿತ್ತು, ಒಣಗಿದ್ದನ್ನು ಹುಡುಕಲು ಹೊತ್ತು ಹಿಡಿಯಿತು. ಒಳಗೆ ಬಂದಾಗ ಅವನಿಗೆ ನಿದ್ದೆ ಬಂದಿತ್ತು.

ಆಮೇಲೂ ಮೂರು ವಾರ ಬದುಕಿದ್ದ. ಮತ್ತೆ ಆ ಮಾತು ತೆಗೆಯಲಿಲ್ಲ. ಅವಳೂ ಕೇಳಲಿಲ್ಲ.